ಕುದುರೆ ಕುಂಟುತ್ತಿದೆ, ಕಾಯಿಲೆ ಎದೆಯಲ್ಲಿದೆ

ಕುದುರೆ ಕುಂಟಿದರೆ ಡಾಕ್ಟರು ಮೊದಲು ಗೊರಸು ಎತ್ತಿ ನೋಡುತ್ತಾರೆ. ಅದೇ ಸರಿಯಾದ ಕ್ರಮ. ಲಾಳದ ಮೊಳೆ ಓರೆಯಾಗಿ ಒಳಗಿನ ಮೆತ್ತನೆ ಭಾಗಕ್ಕೆ ಚುಚ್ಚಿರಬಹುದು, ಗೊರಸಿನೊಳಗೆ ಕೀವು ಕಟ್ಟಿರಬಹುದು, ಅಂಗಾಲಿನಲ್ಲಿ ಕಲ್ಲು ಸಿಕ್ಕಿಕೊಂಡಿರಬಹುದು, ಇಲ್ಲವೇ ಕಾಲು ಉಳುಕಿರಬಹುದು. ಕುಂಟುವ ಬಹಳಷ್ಟು ಕುದುರೆಗಳ ಕಥೆ ಗೊರಸಿನಿಂದ ಮಂಡಿಯೊಳಗೇ ಮುಗಿದುಹೋಗುತ್ತದೆ.

ನಾನು ಹೇಳಹೊರಟಿರುವುದು ಹಾಗೆ ಮುಗಿಯದ ಒಂದು ಕಾಯಿಲೆಯ ಬಗ್ಗೆ. ಇದರಲ್ಲಿ ಕುದುರೆ ಕುಂಟುತ್ತದೆ, ಆದರೆ ಕಾಲಿನಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ಕತ್ತು ಬಗ್ಗುವುದಿಲ್ಲ, ಆದರೆ ಕತ್ತಿಗೆ ಪೆಟ್ಟು ಬಿದ್ದಿರುವುದಿಲ್ಲ. ಮೂಳೆ ಒಳಗೊಳಗೇ ಸವೆಯುತ್ತಿರುತ್ತದೆ, ರಕ್ತದಲ್ಲಿ ಮಾತ್ರ ಕ್ಯಾಲ್ಸಿಯಂ ಸರಿಯಾಗೇ ಇರುತ್ತದೆ. ಕಾರಣ ಹುಡುಕುತ್ತಾ ಹೋದರೆ ಮೂಳೆಯಿಂದ ಶ್ವಾಸಕೋಶಕ್ಕೆ, ಅಲ್ಲಿಂದ ಕುದುರೆ ಮೇಯುವ ನೆಲಕ್ಕೆ ಬಂದು ನಿಲ್ಲುತ್ತೇವೆ. ಇಂಗ್ಲಿಷಿನಲ್ಲಿ ಇದಕ್ಕೆ ಸಿಲಿಕೇಟ್ ಅಸೋಸಿಯೇಟೆಡ್ ಆಸ್ಟಿಯೋಪೊರೋಸಿಸ್ ಅನ್ನುತ್ತಾರೆ. ಕಲ್ಲಿನ ದೂಳಿನಿಂದ ಮೂಳೆ ಸವೆಯುವ ಕಾಯಿಲೆ ಅಂತ ಇಟ್ಟುಕೊಳ್ಳೋಣ. ಇದರ ಊರು ಅಮೆರಿಕದ ಕ್ಯಾಲಿಫೋರ್ನಿಯಾ, ಅದರಲ್ಲೂ ಮಾಂಟೆರೆ, ಕಾರ್ಮೆಲ್ ಕಡೆಯ ಕರಾವಳಿ ಗುಡ್ಡಗಳು, ಸ್ವಲ್ಪ ಉತ್ತರಕ್ಕೆ ಹೋದರೆ ಸೊನೋಮಾ, ನಾಪಾ ಕಡೆ.

ಒಂದು ಕುದುರೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಇದು ಯಾವುದೋ ಒಂದು ನಿಜವಾದ ಕುದುರೆಯಲ್ಲ, ಈ ಕಾಯಿಲೆ ಬಂದ ಹಲವು ಕುದುರೆಗಳಲ್ಲಿ ಕಂಡಿದ್ದನ್ನು ಒಂದರ ಮೇಲೆ ಇಟ್ಟು ಹೇಳುತ್ತಿದ್ದೇನೆ. ನಡುವಯಸ್ಸಿನ ಹೆಣ್ಣು ಕುದುರೆ, ಹುಟ್ಟಿದಾಗಿನಿಂದ ಕಾರ್ಮೆಲ್ ಕಣಿವೆಯ ಒಂದೇ ಜಾಗದಲ್ಲಿದೆ. ಒಂದು ವರ್ಷದಿಂದ ಆಗಾಗ ಕುಂಟುತ್ತದೆ. ಈ ತಿಂಗಳು ಬಲ ಮುಂಗಾಲು ಅಂತ ಕಾಣುತ್ತದೆ, ಎರಡು ತಿಂಗಳು ಬಿಟ್ಟು ಎಡಗಾಲು, ಆಮೇಲೆ ಹಿಂಗಾಲು. ನಡುವೆ ಕೆಲವು ವಾರ ಚೆನ್ನಾಗೇ ಇರುತ್ತದೆ. ಜೀನು ಬಿಗಿಯಲು ಹೋದರೆ ಕಿವಿ ಹಿಂದಕ್ಕೆ ಮಾಡಿ ಕಚ್ಚಲು ಬರುತ್ತದೆ, ಮೊದಲು ಹಾಗೆ ಮಾಡುತ್ತಿರಲಿಲ್ಲ. ನೆಲದ ಮೇಲಿನ ಹುಲ್ಲಿಗೆ ಕತ್ತು ಬಗ್ಗಿಸಬೇಕಾದರೆ ಒಂದು ಮುಂಗಾಲನ್ನು ದೂರ ಚಾಚಿ, ನಿಧಾನಕ್ಕೆ ಬಗ್ಗುತ್ತದೆ. ಮೈ ಇಳಿಯುತ್ತಿದೆ. ಬೆನ್ನು ಸ್ವಲ್ಪ ಜೋತುಬಿದ್ದ ಹಾಗಿದೆ. ವಯಸ್ಸಾಯ್ತು ಅಲ್ವಾ ಅಂತ ಮನೆಯವರು ಸುಮ್ನಾಗುತ್ತಾರೆ, ಇಲ್ಲವೇ ಹಠ ಜಾಸ್ತಿಯಾಗಿದೆ ಅಂದುಕೊಳ್ಳುತ್ತಾರೆ.

ಈ ಹಠ ಅನ್ನುವ ಮಾತು ನನ್ನನ್ನು ಬಹಳ ಕಾಡುತ್ತದೆ. ಕುದುರೆ ಬೇಟೆಗೆ ಬೀಳುವ ಪ್ರಾಣಿ, ನೋವನ್ನು ಆದಷ್ಟು ಮುಚ್ಚಿಡುವುದು ಅದರ ಸ್ವಭಾವ. ಅದು ಜೀನು ಕಂಡರೆ ಕಚ್ಚಲು ಬರುವ ಹಂತಕ್ಕೆ ಬಂದಿದೆ ಅಂದರೆ ಪಕ್ಕೆಲುಬು ಎಷ್ಟು ನೋಯುತ್ತಿರಬಹುದು ಯೋಚಿಸಿ. ಬಿದ್ದ ಪೆಟ್ಟಿಲ್ಲದೆ, ಬರೀ ಮೂಳೆ ಮೆತ್ತಗಾಗಿ ಪಕ್ಕೆಲುಬು ಮುರಿದಿರುವ ಕುದುರೆಗಳು ಈ ಕಾಯಿಲೆಯಲ್ಲಿ ಸಿಕ್ಕಿವೆ. ಅಂಥದ್ದರ ಮೇಲೆ ಪಟ್ಟಿ ಬಿಗಿದು, ಕಚ್ಚಿತು ಅಂತ ಹೊಡೆದರೆ ಏನಾದೀತು?

ಡಾಕ್ಟರು ಬರುತ್ತಾರೆ. ಗಟ್ಟಿ ನೆಲದ ಮೇಲೆ ಕುದುರೆಯನ್ನು ನಡೆಸುತ್ತಾರೆ, ಹಗುರವಾಗಿ ಓಡಿಸುತ್ತಾರೆ, ತಲೆ ಯಾವ ಹೆಜ್ಜೆಗೆ ಮೇಲೆ ಹೋಗುತ್ತದೆ ಅಂತ ನೋಡುತ್ತಾರೆ. ನೋಯುವ ಮುಂಗಾಲು ನೆಲಕ್ಕೆ ತಾಗುವಾಗ ಕುದುರೆ ತಲೆ ಎತ್ತುತ್ತದೆ, ಭಾರ ಹಿಂದಕ್ಕೆ ಹೋಗಲಿ ಅಂತ. ಆಮೇಲೆ ಮರಗಟ್ಟಿಸುವ ಚುಚ್ಚುಮದ್ದಿನ ಪರೀಕ್ಷೆ. ಹಲ್ಲು ಕೀಳುವ ಮುಂಚೆ ನಮಗೆ ವಸಡಿಗೆ ಕೊಡುತ್ತಾರಲ್ಲ, ಅದೇ ತರಹದ ಮದ್ದು. ಗೊರಸಿನ ಹತ್ತಿರದ ನರಕ್ಕೆ ಕೊಟ್ಟು ಮತ್ತೆ ಓಡಿಸುತ್ತಾರೆ. ಕುಂಟು ನಿಂತರೆ ನೋವು ಅಲ್ಲೇ ಕೆಳಗಿದೆ ಅಂತ ಲೆಕ್ಕ. ನಿಲ್ಲದಿದ್ದರೆ ಒಂದು ಮೆಟ್ಟಿಲು ಮೇಲೆ, ಇನ್ನೂ ನಿಲ್ಲದಿದ್ದರೆ ಇನ್ನೊಂದು ಮೆಟ್ಟಿಲು ಮೇಲೆ. ಹೀಗೆ ಕೆಳಗಿನಿಂದ ಮೇಲಕ್ಕೆ ಒಂದೊಂದೇ ಭಾಗವನ್ನು ಪಟ್ಟಿಯಿಂದ ತೆಗೆಯುತ್ತಾ ಹೋಗುವುದು ಕುದುರೆ ವೈದ್ಯದ ಬಹಳ ನಂಬಿಕೆಯ ದಾರಿ. ನಮ್ಮ ಈ ಕುದುರೆಯಲ್ಲಿ ಆ ದಾರಿ ಮಂಡಿಯವರೆಗೂ ಹೋಗಿ ಖಾಲಿ ಕೈಯಲ್ಲಿ ನಿಲ್ಲುತ್ತದೆ. ನೋವು ಅದಕ್ಕಿಂತ ಮೇಲಿದೆ, ಒಂದೇ ಜಾಗದಲ್ಲೂ ಇಲ್ಲ.

ಇಲ್ಲಿ ಒಳ್ಳೆಯ ಡಾಕ್ಟರು ಒಂದು ಕೆಲಸ ಮಾಡುತ್ತಾರೆ. ಕಾಲು ಬಿಟ್ಟು ಎದ್ದು ನಿಂತು, ಕುದುರೆಯ ಹಿಂದಕ್ಕೆ ಒಂದು ಎತ್ತರದ ಜಾಗಕ್ಕೆ ಹೋಗಿ, ಮೇಲಿನಿಂದ ಅದರ ಹೆಗಲನ್ನು ನೋಡುತ್ತಾರೆ. ನೋಡುತ್ತಿರುವುದು ಹೆಗಲ ಹಲಗೆ ಮೂಳೆಯನ್ನು. ನಮ್ಮ ಬೆನ್ನ ಮೇಲ್ಭಾಗದಲ್ಲಿ ರೆಕ್ಕೆಯ ಹಾಗೆ ಎರಡು ಚಪ್ಪಟೆ ಮೂಳೆ ಇವೆಯಲ್ಲ, ಕುದುರೆಗೆ ಅವು ಎದೆಗೂಡಿನ ಎರಡು ಪಕ್ಕಕ್ಕೆ ಅಂಟಿಕೊಂಡಂತೆ ಇರುತ್ತವೆ. ಇದರಲ್ಲಿ ಒಂದು ವಿಶೇಷ ಇದೆ. ನಮಗೆ ಕತ್ತಿನ ಬುಡದಲ್ಲಿ ಕಾಲರ್ ಬೋನ್ ಇದೆ, ಕುದುರೆಗೆ ಇಲ್ಲ. ಅಂದರೆ ಕುದುರೆಯ ಮುಂಗಾಲಿಗೂ ಮೈಗೂ ನಡುವೆ ಮೂಳೆಯ ಕೀಲೇ ಇಲ್ಲ, ಬರೀ ಮಾಂಸಖಂಡಗಳ ಬಂಧ. ಎರಡು ಕಂಬಕ್ಕೆ ಕಟ್ಟಿದ ತೊಟ್ಟಿಲಿನ ಹಾಗೆ ಅದರ ಎದೆ ಎರಡು ಹೆಗಲ ಹಲಗೆಗಳ ನಡುವೆ ತೂಗಾಡಿಕೊಂಡಿದೆ. ಸುಮಾರು 500 ಕಿಲೋ ತೂಗುವ ಪ್ರಾಣಿ, ನಿಂತಾಗ ಅದರ ಭಾರದಲ್ಲಿ ಹೆಚ್ಚು ಕಡಿಮೆ ಶೇಕಡ 60 ಮುಂಗಾಲುಗಳ ಮೇಲೇ ಬೀಳುತ್ತದೆ. ಆ ಎಳೆತವನ್ನೆಲ್ಲ ಹಗಲೂ ರಾತ್ರಿ ತಡೆದುಕೊಳ್ಳುವುದು ಆ ಎರಡು ತೆಳು ಹಲಗೆಗಳು. ಮೂಳೆ ಗಟ್ಟಿ ಇದ್ದಷ್ಟು ದಿನ ಸರಿ. ಮೂಳೆ ಸವೆದರೆ ಮಳೆಗೆ ನೆನೆದ ಹಲಗೆ ಬಾಗಿದ ಹಾಗೆ ಅದು ಹೊರಕ್ಕೆ ಬಾಗುತ್ತದೆ. ಮೇಲಿನಿಂದ ನೋಡಿದರೆ ಹೆಗಲಿನ ಎರಡೂ ಪಕ್ಕ ಉಬ್ಬಿ, ಅಗಲವಾಗಿ ಕಾಣುತ್ತದೆ. ಕಾಯಿಲೆ ಬಲಿತ ಕುದುರೆಯಲ್ಲಿ ಇದು ಬರಿಗಣ್ಣಿಗೇ ಗೊತ್ತಾಗುತ್ತದೆ, ಒಮ್ಮೆ ನೋಡಿದವರು ಮರೆಯುವುದಿಲ್ಲ.

ಆದರೆ ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಹೆಗಲು ಬಾಗುವ ಮೊದಲೇ ಹಿಡಿಯಬೇಕು ಅಂದರೆ ಬೇರೆ ದಾರಿ ಹುಡುಕಬೇಕು.

ಕುದುರೆಯ ಮೂಳೆ ಮೆತ್ತಗಾಗಿದೆ ಅಂದ ಕೂಡಲೇ ಹಳೆಯ ಕಾಲದ ಯಾವ ಡಾಕ್ಟರಾದರೂ ಮೊದಲು ಕೇಳುವ ಪ್ರಶ್ನೆ: ಏನು ತಿನ್ನಿಸುತ್ತೀರಿ? ಇದಕ್ಕೆ ಬಲವಾದ ಕಾರಣ ಇದೆ. ಗೋಧಿ ಬೂಸಾ ನಮ್ಮಲ್ಲೂ ದನ ಕುದುರೆಗಳಿಗೆ ದಿನಾ ಹಾಕುವ ವಸ್ತು. ಬೂಸಾದಲ್ಲಿ ರಂಜಕ, ಅಂದರೆ ಫಾಸ್ಫರಸ್, ಕ್ಯಾಲ್ಸಿಯಂಗಿಂತ ಸುಮಾರು ಹತ್ತು ಪಟ್ಟು ಜಾಸ್ತಿ. ಕುದುರೆಗೆ ಬೇಕಿರುವುದು ಇದಕ್ಕೆ ಉಲ್ಟಾ: ಕ್ಯಾಲ್ಸಿಯಂ ಯಾವಾಗಲೂ ರಂಜಕದಷ್ಟಾದರೂ ಇರಬೇಕು, ಒಂದೂವರೆ ಎರಡು ಪಟ್ಟು ಇದ್ದರೆ ಇನ್ನೂ ಒಳ್ಳೆಯದು. ಬರೀ ಬೂಸಾ, ಬರೀ ಕಾಳು ತಿಂದ ಕುದುರೆಯ ಮೈ ಕ್ಯಾಲ್ಸಿಯಂ ಸಾಲದೆ ತನ್ನ ಮೂಳೆಯನ್ನೇ ಕರಗಿಸಿ ರಕ್ತಕ್ಕೆ ಕೊಡುತ್ತದೆ. ಕತ್ತಿನಲ್ಲಿರುವ ಪ್ಯಾರಾಥೈರಾಯ್ಡ್ ಎಂಬ ಪುಟ್ಟ ಗ್ರಂಥಿಗಳು ಈ ಕೆಲಸಕ್ಕೆ ಆಜ್ಞೆ ಕೊಡುತ್ತವೆ. ಮುಖದ ಮೂಳೆಯಲ್ಲಿ ಸುಣ್ಣ ಹೋಗಿ ಅಲ್ಲಿ ನಾರು ತುಂಬಿಕೊಂಡು ಮುಖ ಊದುತ್ತದೆ, ದವಡೆ ದಪ್ಪಗಾಗುತ್ತದೆ, ಹಲ್ಲು ಅಲ್ಲಾಡುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಬಿಗ್ ಹೆಡ್ ಅಂತಲೇ ಹೆಸರು. ಹಿಂದೆ ಹಿಟ್ಟಿನ ಗಿರಣಿಯವರ ಕುದುರೆಗಳಿಗೆ ಬೂಸಾ ಧಾರಾಳವಾಗಿ ಸಿಗುತ್ತಿದ್ದರಿಂದ ಅವಕ್ಕೇ ಇದು ಬರುತ್ತಿತ್ತು, ಹಾಗಾಗಿ ಗಿರಣಿಯವರ ಕಾಯಿಲೆ ಅಂತಲೂ ಕರೆಯುತ್ತಿದ್ದರು. ಕೆಲವು ಬಿಸಿನಾಡಿನ ಹುಲ್ಲುಗಳಲ್ಲಿ ಆಕ್ಸಲೇಟ್ ಜಾಸ್ತಿ ಇದ್ದು, ಅದು ಕರುಳಿನಲ್ಲೇ ಕ್ಯಾಲ್ಸಿಯಂ ಹಿಡಿದುಕೊಂಡು ಮೈಗೆ ಸೇರದ ಹಾಗೆ ಮಾಡುತ್ತದೆ, ಆಗಲೂ ಇದೇ ಕಥೆ.

ಇಷ್ಟು ವಿವರ ಯಾಕೆ ಹೇಳಿದೆ ಅಂದರೆ, ಇದು ವಾಸಿಯಾಗುವ ಕಾಯಿಲೆ. ತಿನಿಸು ಸರಿಮಾಡಿ, ಸುಣ್ಣಕಲ್ಲಿನ ಪುಡಿ ಸೇರಿಸಿದರೆ ತಿಂಗಳುಗಳಲ್ಲಿ ಮೂಳೆ ಮತ್ತೆ ಗಟ್ಟಿಯಾಗುತ್ತದೆ. ಹಾಗಾಗಿ ಮೊದಲು ಇದು ಹೌದೋ ಅಲ್ಲವೋ ಅಂತ ಖಚಿತ ಮಾಡಿಕೊಳ್ಳಲೇಬೇಕು. ರಕ್ತದ ಕ್ಯಾಲ್ಸಿಯಂ ಒಂದನ್ನೇ ನೋಡಿದರೆ ಸಾಲದು, ಯಾಕೆಂದರೆ ಮೂಳೆ ಕರಗಿಸಿಯಾದರೂ ಮೈ ಅದನ್ನು ಸರಿ ಮಟ್ಟದಲ್ಲೇ ಇಟ್ಟಿರುತ್ತದೆ. ಮೂತ್ರದಲ್ಲಿ ರಂಜಕ ಎಷ್ಟು ಹೊರಗೆ ಹೋಗುತ್ತಿದೆ, ಪ್ಯಾರಾಥೈರಾಯ್ಡ್ ಹಾರ್ಮೋನು ಎಷ್ಟಿದೆ ಅಂತ ನೋಡಬೇಕು. ನಮ್ಮ ಕಾರ್ಮೆಲ್ ಕುದುರೆಯಲ್ಲಿ ಅದೆಲ್ಲ ಸರಿಯಾಗಿದೆ. ತಿನಿಸೂ ಚೆನ್ನಾಗಿದೆ. ಮುಖ ಊದಿಲ್ಲ.

ನೆಲದಿಂದ ಮೂಳೆಗೆ ಬರುವ ಇನ್ನೊಂದು ಕಾಯಿಲೆ ನಮಗೆ ಚೆನ್ನಾಗಿ ಗೊತ್ತು. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕೊಳವೆ ಬಾವಿ ನೀರಿನ ಫ್ಲೋರೈಡು ಎಷ್ಟು ಮಕ್ಕಳ ಹಲ್ಲು ಕಂದು ಮಾಡಿದೆ, ಎಷ್ಟು ಹಿರಿಯರ ಕಾಲು ಬೆನ್ನು ಬಗ್ಗಿಸಿದೆ. ದನಗಳನ್ನೂ ಅದು ಬಿಟ್ಟಿಲ್ಲ. ಕುದುರೆಗೂ ಬರುತ್ತದೆ. ಆದರೆ ಫ್ಲೋರೈಡಿನಲ್ಲಿ ಹಲ್ಲು ಕಲೆಯಾಗುತ್ತದೆ, ಮೂಳೆಯ ಮೇಲೆ ಗಂಟು ಗಂಟಾಗಿ ಹೊಸ ಮೂಳೆ ಬೆಳೆಯುತ್ತದೆ. ಇಲ್ಲಿ ಹಾಗಿಲ್ಲ. ಎದೆಯೊಳಗೆ ಗಡ್ಡೆಯೋ ಹುಣ್ಣೋ ಇದ್ದು ನಾಲ್ಕೂ ಕಾಲಿನ ಕೆಳಭಾಗದ ಮೂಳೆಗಳ ಮೇಲೆ ಹೊಸ ಮೂಳೆ ಹರಡುವ ಒಂದು ಅಪರೂಪದ ಕಾಯಿಲೆಯೂ ಕುದುರೆಗೆ ಇದೆ, ಅದರಲ್ಲಿ ಕಾಲುಗಳು ಎರಡೂ ಕಡೆ ಒಂದೇ ತರಹ ಊದುತ್ತವೆ. ಅದೂ ಇಲ್ಲಿಲ್ಲ.

ಸರಿ, ಎಕ್ಸ್‌ರೇ ತೆಗೆದರೆ ಆಯ್ತಲ್ಲ ಅಂತ ಅನಿಸಬಹುದು. ಇಲ್ಲೇ ತೊಡಕು. ಮೂಳೆಯಲ್ಲಿ ಮೂರನೇ ಒಂದು ಭಾಗದಷ್ಟು ಸುಣ್ಣ ಹೋಗುವವರೆಗೂ ಸಾಮಾನ್ಯ ಎಕ್ಸ್‌ರೇಯಲ್ಲಿ ಗೊತ್ತಾಗುವುದೇ ಕಷ್ಟ. ಮೇಲಾಗಿ ಇದು ಕುದುರೆ. ಕಾಲಿನ ಕೆಳಭಾಗಕ್ಕೆ ಕೈಯಲ್ಲಿ ಹಿಡಿಯುವ ಮೆಷಿನ್ ಸಾಕು, ಆದರೆ ಹೆಗಲು, ಸೊಂಟ, ಬೆನ್ನಿನ ಮಾಂಸ ದಾಟಿ ಮೂಳೆಯ ಚಿತ್ರ ತೆಗೆಯಲು ದೊಡ್ಡ ಆಸ್ಪತ್ರೆಯ ದೊಡ್ಡ ಮೆಷಿನ್ ಬೇಕು, ಅದರಲ್ಲೂ ಎಲ್ಲ ಜಾಗ ಸಿಗುವುದಿಲ್ಲ. ಕುದುರೆಗೆ ಸುಮಾರು 205 ಮೂಳೆ. ಯಾವುದನ್ನು ಅಂತ ತೆಗೆಯುತ್ತೀರಿ?

ಇದಕ್ಕೆ ಉತ್ತರ ಕೊಡುವ ಪರೀಕ್ಷೆಗೆ ಬೋನ್ ಸ್ಕ್ಯಾನ್ ಅಂತ ಹೆಸರು, ಡಾಕ್ಟರರ ಭಾಷೆಯಲ್ಲಿ ಸಿಂಟಿಗ್ರಫಿ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಈ ಕಾಯಿಲೆಯ ಬೀಗದ ಕೈ ಇದೇ. ಮೂಳೆ ಅಂದರೆ ಸತ್ತ ಕಲ್ಲಲ್ಲ. ಅದರಲ್ಲಿ ಹಳೆಯದನ್ನು ಕೆಡವುವ ಜೀವಕೋಶಗಳಿವೆ, ಹೊಸದನ್ನು ಕಟ್ಟುವ ಜೀವಕೋಶಗಳಿವೆ. ಆರೋಗ್ಯವಾಗಿದ್ದಾಗ ಎಷ್ಟು ಕೆಡವುತ್ತವೋ ಅಷ್ಟೇ ಕಟ್ಟುತ್ತವೆ. ಮುರಿದ ಜಾಗದಲ್ಲಿ, ಕಾಯಿಲೆಯಾದ ಜಾಗದಲ್ಲಿ ಈ ರಿಪೇರಿ ಕೆಲಸ ಜೋರಾಗಿ ನಡೆಯುತ್ತಿರುತ್ತದೆ. ಟೆಕ್ನೀಷಿಯಂ ಎಂಬ ವಿಕಿರಣ ಸೂಸುವ ವಸ್ತುವನ್ನು, ಮೂಳೆಗೆ ಅಂಟಿಕೊಳ್ಳುವ ಒಂದು ರಾಸಾಯನಿಕಕ್ಕೆ ಜೋಡಿಸಿ ಕುದುರೆಯ ಕತ್ತಿನ ರಕ್ತನಾಳಕ್ಕೆ ಕೊಡುತ್ತಾರೆ. ಎರಡು ಮೂರು ಗಂಟೆ ಕಾಯುತ್ತಾರೆ. ಅಷ್ಟರಲ್ಲಿ ಅದು ರಿಪೇರಿ ಜೋರಾಗಿ ನಡೆಯುವ ಕಡೆ ಹೋಗಿ ಜಾಸ್ತಿ ಕೂರುತ್ತದೆ, ಉಳಿದದ್ದು ಮೂತ್ರದಲ್ಲಿ ಹೊರಟುಹೋಗುತ್ತದೆ. ಕುದುರೆಗೆ ಮಂಪರು ಬರುವ ಮದ್ದು ಕೊಟ್ಟು ನಿಲ್ಲಿಸಿ, ಗಾಮಾ ಕ್ಯಾಮೆರಾ ಎಂಬ ದೊಡ್ಡ ಯಂತ್ರವನ್ನು ಮೈಯ ಹತ್ತಿರ ಹಿಡಿದು ಒಂದೊಂದು ಭಾಗದ ಚಿತ್ರ ತೆಗೆಯುತ್ತಾ ಹೋಗುತ್ತಾರೆ. ಇಲ್ಲಿ ಬೆಳಕು ಹೊರಗಿನಿಂದ ಒಳಗೆ ಹೋಗುವುದಿಲ್ಲ. ಕುದುರೆಯೇ ಒಳಗಿನಿಂದ ಹೊಮ್ಮಿಸುತ್ತಿರುತ್ತದೆ, ಕ್ಯಾಮೆರಾ ಹಿಡಿದುಕೊಳ್ಳುತ್ತದೆ ಅಷ್ಟೇ.

ಮಾಮೂಲಿ ಕುಂಟು ಕುದುರೆಯಲ್ಲಿ ಒಂದೋ ಎರಡೋ ಕಪ್ಪು ಚುಕ್ಕೆ ಕಾಣುತ್ತದೆ. ಈ ಕಾಯಿಲೆಯ ಕುದುರೆಯ ಚಿತ್ರ ನೋಡಿದರೆ ಎದೆ ಝಲ್ಲೆನ್ನುತ್ತದೆ. ಹೆಗಲ ಹಲಗೆಯಲ್ಲಿ, ಪಕ್ಕೆಲುಬುಗಳಲ್ಲಿ ಮಣಿ ಪೋಣಿಸಿದ ಹಾಗೆ, ಕತ್ತಿನ ಮೂಳೆಗಳಲ್ಲಿ, ಎದೆಮೂಳೆಯಲ್ಲಿ, ಸೊಂಟದಲ್ಲಿ, ಎಲ್ಲೆಂದರಲ್ಲಿ ಕಪ್ಪು. ಕಾಲಿನ ಕೆಳಭಾಗ ಮಾತ್ರ ಹೆಚ್ಚಾಗಿ ಶುದ್ಧವಾಗಿರುತ್ತದೆ. ಎಡಗಾಲು ಬಲಗಾಲು ಅಂತ ಕುಂಟು ಯಾಕೆ ಜಾಗ ಬದಲಾಯಿಸುತ್ತಿತ್ತು, ಮರಗಟ್ಟಿಸಿದರೂ ಯಾಕೆ ನಿಲ್ಲಲಿಲ್ಲ ಅನ್ನುವುದು ಆ ಒಂದು ಚಿತ್ರದಲ್ಲೇ ಗೊತ್ತಾಗಿಬಿಡುತ್ತದೆ. ಕಾಯಿಲೆ ಇದ್ದದ್ದು ನಡುಮೈಯಲ್ಲಿ, ಹುಡುಕಿದ್ದು ಕಾಲಿನಲ್ಲಿ.

ಟೆಕ್ನೀಷಿಯಂನ ಶಕ್ತಿ ಪ್ರತಿ 6 ಗಂಟೆಗೆ ಅರ್ಧವಾಗುತ್ತದೆ. ಒಂದು ದಿನ ಕಳೆದರೆ ಹದಿನಾರರಲ್ಲಿ ಒಂದು ಪಾಲು ಉಳಿಯುತ್ತದೆ. ಅಲ್ಲಿಯವರೆಗೆ ಕುದುರೆಯನ್ನು ಬೇರೆ ಲಾಯದಲ್ಲಿ ಇಡುತ್ತಾರೆ, ಅದರ ಮೂತ್ರ ಬಿದ್ದ ಹಾಸನ್ನೂ ಬೇರೆಯಾಗಿಯೇ ಇಡುತ್ತಾರೆ.

ಸ್ಕ್ಯಾನ್ ಮೂಳೆಯ ಕಥೆ ಹೇಳಿತು, ಕಾರಣ ಹೇಳಲಿಲ್ಲ. ಕಾರಣಕ್ಕೆ ಎದೆಯ ಎಕ್ಸ್‌ರೇ ಬೇಕು. ಕೆಮ್ಮೇ ಇಲ್ಲದ, ಏದುಸಿರೂ ಅಷ್ಟಾಗಿ ಇಲ್ಲದ ಕುದುರೆಯ ಎದೆಯ ಎಕ್ಸ್‌ರೇ ಯಾಕೆ ತೆಗೆಯಬೇಕು ಅಂತ ಯಾರಿಗಾದರೂ ಅನಿಸುತ್ತದೆ. ತೆಗೆದು ನೋಡಿದರೆ ಶ್ವಾಸಕೋಶದ ತುಂಬಾ ಮಂಜು ಕವಿದ ಹಾಗೆ, ಸಣ್ಣ ಸಣ್ಣ ಗಂಟುಗಳು, ಗಾಯದ ಕಲೆಯಂಥ ಗೆರೆಗಳು. ಶ್ವಾಸಕೋಶದೊಳಕ್ಕೆ ಉಪ್ಪುನೀರು ಬಿಟ್ಟು ವಾಪಸ್ ಎಳೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಲವೊಮ್ಮೆ ಕಲ್ಲಿನ ಹರಳುಗಳನ್ನು ನುಂಗಿದ ಜೀವಕೋಶಗಳೇ ಸಿಕ್ಕಿಬಿಡುತ್ತವೆ. ಇದು ಸಿಲಿಕೋಸಿಸ್, ಕಲ್ಲಿನ ದೂಳು ಸೇರಿ ಶ್ವಾಸಕೋಶ ಕೆಡುವ ಕಾಯಿಲೆ. ನಮ್ಮವರಿಗೆ ಈ ಹೆಸರು ಹೊಸದಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ ಮೂರು ಕಿಲೋಮೀಟರ್‌ಗಿಂತ ಆಳಕ್ಕೆ ಇಳಿದು ಬಂಡೆ ಕೊರೆದವರ ಎದೆಯಲ್ಲಿ ಕೂತದ್ದು ಇದೇ ದೂಳು. ಗಣಿ 2001ರಲ್ಲಿ ಮುಚ್ಚಿತು, ದೂಳು ಕುಡಿದವರ ಎದೆಯಿಂದ ಅದು ಹೋಗಲಿಲ್ಲ. ಕಲ್ಲು ಕ್ವಾರಿಗಳಲ್ಲಿ ಇವತ್ತಿಗೂ ಇದೇ ಭಯ ಇದೆ.

ಗಣಿಗೆ ಇಳಿಯದ, ಹಸಿರು ಗುಡ್ಡದಲ್ಲಿ ಮೇಯುವ ಕುದುರೆಗೆ ಇದು ಎಲ್ಲಿಂದ ಬಂತು? ಉತ್ತರ ಆ ಗುಡ್ಡದಲ್ಲೇ ಇದೆ. ಸುಮಾರು 60 ಲಕ್ಷದಿಂದ 1 ಕೋಟಿ 70 ಲಕ್ಷ ವರ್ಷಗಳ ಹಿಂದೆ ಅಲ್ಲಿ ಸಮುದ್ರ ಇತ್ತು. ಆ ನೀರಿನಲ್ಲಿ ಡಯಾಟಮ್ ಎಂಬ ಕಣ್ಣಿಗೆ ಕಾಣದ ಪಾಚಿ ಬೆಳೆಯುತ್ತಿತ್ತು. ಇದರ ವಿಶೇಷ ಏನೆಂದರೆ ಪ್ರತಿಯೊಂದೂ ತನ್ನ ಸುತ್ತ ಗಾಜಿನಂಥ ಸಿಲಿಕಾದ ಚಿಪ್ಪು ಕಟ್ಟಿಕೊಳ್ಳುತ್ತದೆ. ಸತ್ತು ತಳ ಸೇರಿದ ಚಿಪ್ಪುಗಳು ಪದರ ಪದರವಾಗಿ ಕೂತು, ಮೇಲಿನ ಭಾರಕ್ಕೂ ಬಿಸಿಗೂ ಬಂಡೆಯಾದವು. ನೆಲ ಮೇಲೆದ್ದಾಗ ಆ ಬೆಳ್ಳನೆಯ ಬಂಡೆಯೇ ಗುಡ್ಡವಾಯಿತು. ಭೂವಿಜ್ಞಾನಿಗಳು ಇದನ್ನು ಮಾಂಟೆರೆ ಫಾರ್ಮೇಶನ್ ಅನ್ನುತ್ತಾರೆ. ಕ್ಯಾಲಿಫೋರ್ನಿಯಾದ ಬಹಳಷ್ಟು ಎಣ್ಣೆ ಹುಟ್ಟಿದ್ದೂ ಇದರಲ್ಲೇ. ಬಂಡೆ ಆಗುವ ದಾರಿಯಲ್ಲಿ ಆ ಸಿಲಿಕಾದ ಒಂದು ಭಾಗ ಕ್ರಿಸ್ಟೊಬಲೈಟ್ ಎಂಬ ರೂಪ ತಾಳುತ್ತದೆ. ಸಾಮಾನ್ಯ ಮರಳಿನ ಸ್ಫಟಿಕವೂ ಇದೂ ಒಂದೇ ವಸ್ತು, ಒಳಗಿನ ಜೋಡಣೆ ಬೇರೆ. ಆದರೆ ಜೀವಕೋಶಕ್ಕೆ ಕ್ರಿಸ್ಟೊಬಲೈಟ್ ಬಹಳ ವಿಷ.

ಕುದುರೆ ಸುಮ್ನೆ ನಿಂತಾಗಲೇ ನಿಮಿಷಕ್ಕೆ ಸುಮಾರು 60 ಲೀಟರ್ ಗಾಳಿ ಎಳೆಯುತ್ತದೆ. ನಾಗಾಲೋಟದಲ್ಲಿ ಅದು ಸಾವಿರದೈನೂರು ಲೀಟರ್ ದಾಟುತ್ತದೆ. ಬೇಸಿಗೆಯಲ್ಲಿ ಹುಲ್ಲು ಒಣಗಿ ನೆಲ ಬಿಳಿಚಿಕೊಂಡಾಗ ಮೂಗನ್ನು ಮಣ್ಣಿಗೆ ಇಟ್ಟು ಬುಡದ ಹುಲ್ಲು ಕೀಳುತ್ತದೆ, ಒಂದು ಸಲ ಉಸಿರು ಬಿಟ್ಟರೆ ದೂಳು ಏಳುತ್ತದೆ, ಮತ್ತೆ ಅದನ್ನೇ ಒಳಗೆ ಎಳೆಯುತ್ತದೆ. ದಿನಕ್ಕೆ ಎಷ್ಟೋ ಗಂಟೆ, ವರ್ಷಗಟ್ಟಲೆ. ಶ್ವಾಸಕೋಶದ ಕಾವಲು ಜೀವಕೋಶ ಆ ಹರಳನ್ನು ನುಂಗುತ್ತದೆ, ಜೀರ್ಣಿಸಲಾಗದೆ ಸಾಯುತ್ತದೆ, ಸಾಯುವಾಗ ಉರಿಯೂತದ ರಾಸಾಯನಿಕ ಚೆಲ್ಲುತ್ತದೆ. ಹರಳು ಹಾಗೇ ಉಳಿಯುತ್ತದೆ. ಇನ್ನೊಂದು ಜೀವಕೋಶ ಬಂದು ಅದನ್ನೇ ನುಂಗುತ್ತದೆ. ಇದಕ್ಕೆ ಕೊನೆಯೇ ಇಲ್ಲ.

ಈ ಎರಡು ತುದಿಗಳನ್ನು ಜೋಡಿಸಲು ವಿಜ್ಞಾನಕ್ಕೇ 30 ವರ್ಷ ಹಿಡಿಯಿತು. ಮಾಂಟೆರೆ, ಕಾರ್ಮೆಲ್ ಕಡೆಯ ಕುದುರೆಗಳ ಶ್ವಾಸಕೋಶದಲ್ಲಿ ಕಲ್ಲಿನ ದೂಳು ಇದೆ ಅಂತ 1981ರಲ್ಲೇ ಬರೆದಿದ್ದರು. ಆಗ ಅದು ಎದೆಯ ಕಾಯಿಲೆ ಮಾತ್ರ. ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು 1980ರಿಂದ 2006ರವರೆಗೆ ತಮ್ಮಲ್ಲಿಗೆ ಬಂದ, ಮೂಳೆ ಪುಡಿಯಾಗುವ 16 ಕುದುರೆಗಳ ದಾಖಲೆಗಳನ್ನು ಒಟ್ಟು ಸೇರಿಸಿ 2008ರಲ್ಲಿ ಪ್ರಕಟಿಸಿದರು. 2011ರಲ್ಲಿ ಸತ್ತ ಕುದುರೆಗಳ ಮೂಳೆಯನ್ನೂ ಶ್ವಾಸಕೋಶವನ್ನೂ ಪಕ್ಕಪಕ್ಕ ಇಟ್ಟು ನೋಡಿ, ಎರಡೂ ಒಟ್ಟಿಗೇ ಬರುತ್ತವೆ ಅಂತ ಬರೆದರು. ನನಗೆ ಈ ಕೆಲಸದ ಮೇಲೆ ತುಂಬಾ ಗೌರವ. ಮೂಳೆ ನೋಡುವವರು ಎದೆ ನೋಡುವುದಿಲ್ಲ, ಎದೆ ನೋಡುವವರು ಹೆಗಲು ನೋಡುವುದಿಲ್ಲ. ಒಂದೇ ಪ್ರಾಣಿಯನ್ನು ತಲೆಯಿಂದ ಬಾಲದವರೆಗೆ ಒಟ್ಟಿಗೆ ನೋಡಿದ್ದಕ್ಕೇ ಇದು ಸಿಕ್ಕಿತು.

ಸೂಕ್ಷ್ಮದರ್ಶಕದ ಕೆಳಗೆ ಆ ಮೂಳೆ ಬೇರೆಯದೇ ತರಹ ಕಾಣುತ್ತದೆ. ಮೂಳೆ ಕೆಡವುವ ಜೀವಕೋಶದಲ್ಲಿ ಸಾಮಾನ್ಯವಾಗಿ ಕೆಲವೇ ನ್ಯೂಕ್ಲಿಯಸ್ ಇರುತ್ತವೆ. ಇಲ್ಲಿ ಅವು ದೈತ್ಯವಾಗಿ ಬೆಳೆದು, ಒಳಗೆ ರಾಶಿ ನ್ಯೂಕ್ಲಿಯಸ್ ತುಂಬಿಕೊಂಡು, ಮೂಳೆಯ ಅಂಚನ್ನು ಇಲಿ ಕಡಿದ ಹಾಗೆ ತಿಂದಿರುತ್ತವೆ. ಕಟ್ಟುವ ಜೀವಕೋಶಗಳು ಗಾಬರಿಬಿದ್ದವರ ಹಾಗೆ ಹಿಂದೆಯೇ ಬಂದು ಅಡ್ಡಾದಿಡ್ಡಿಯಾಗಿ ತೇಪೆ ಹಾಕಿರುತ್ತವೆ. ಗೋಡೆ ಇದೆ, ಆದರೆ ಇಟ್ಟಿಗೆ ಸಾಲು ತಪ್ಪಿದೆ. ಮನುಷ್ಯರಲ್ಲಿ ಪ್ಯಾಜೆಟ್ ಕಾಯಿಲೆ ಅಂತ ಒಂದಿದೆ, ನೋಡಲು ಅದನ್ನೇ ಹೋಲುತ್ತದೆ. ಶ್ವಾಸಕೋಶದಲ್ಲೂ ಅದರ ಪಕ್ಕದ ಲಿಂಫ್ ಗಂಟುಗಳಲ್ಲೂ ವರ್ಷಗಟ್ಟಲೆ ಉರಿಯುವ ಉರಿಯೂತ ರಕ್ತಕ್ಕೆ ಬಿಡುವ ಸಂದೇಶಗಳೇ ಈ ಕೆಡವುವ ಜೀವಕೋಶಗಳನ್ನು ಕೆರಳಿಸುತ್ತವೆ ಅನ್ನುವುದು ಸಂಶೋಧಕರು ಕೊಡುವ ವಿವರಣೆ.

ಗೊತ್ತಾದ ಮೇಲೆ ಮಾಡುವುದೇನು? ಎದೆಯೊಳಗಿನ ಕಲ್ಲನ್ನು ತೆಗೆಯಲು ಬರುವುದಿಲ್ಲ. ಹಾಗಾಗಿ ಪೂರ್ತಿ ವಾಸಿ ಇಲ್ಲ. ಮೂಳೆ ಕೆಡವುವ ಜೀವಕೋಶಗಳ ಕೈ ಕಟ್ಟುವ ಔಷಧಿ ಇದೆ, ಬಿಸ್‌ಫಾಸ್ಫೊನೇಟ್ ಅಂತ. ಮುಟ್ಟು ನಿಂತ ಹೆಂಗಸರಿಗೆ ಮೂಳೆ ಸವೆತಕ್ಕೆ ಕೊಡುವ ಔಷಧಿಗಳ ಗುಂಪೇ ಅದು. ಅದರಲ್ಲಿ ಜೋಲೆಡ್ರೊನೇಟ್ ಎಂಬುದನ್ನು ಈ ಕುದುರೆಗಳಿಗೆ ಕೊಟ್ಟು ನೋಡಿದ ವರದಿ 2012ರಲ್ಲಿ ಬಂತು. ಕುಂಟು ಕಡಿಮೆಯಾಯಿತು, ನೋವು ಇಳಿಯಿತು. ಕಿಡ್ನಿ ಚೆನ್ನಾಗಿದೆಯೇ ಅಂತ ಮೊದಲು ನೋಡಿಕೊಂಡು ಕೊಡಬೇಕು. ಸವಾರಿ ನಿಲ್ಲಿಸಬೇಕು, ಯಾಕೆಂದರೆ ಮುರಿಯಬಹುದಾದ ಮೂಳೆಯ ಪ್ರಾಣಿಯ ಮೇಲೆ ಕೂರುವುದು ಅದಕ್ಕೂ ಅಪಾಯ, ಕೂತವರಿಗೂ ಅಪಾಯ. ಹುಲ್ಲನ್ನು ಎದೆಮಟ್ಟಕ್ಕೆ ಎತ್ತಿ ಕೊಟ್ಟರೆ ಕತ್ತು ಬಗ್ಗಿಸುವ ಕಷ್ಟ ತಪ್ಪುತ್ತದೆ. ಆದಷ್ಟು ಬೇಗ ಆ ನೆಲ ಬಿಡಿಸಬೇಕು. ಇಷ್ಟೆಲ್ಲ ಮಾಡಿದರೂ ಬಲಿತ ಕಾಯಿಲೆ ಮುಂದುವರಿಯುತ್ತದೆ. ಒಂದು ಬೆಳಿಗ್ಗೆ ಮೈದಾನದಲ್ಲಿ ಹೆಗಲೋ ಸೊಂಟವೋ ಮುರಿದು ನಿಂತಿರುವ ಕುದುರೆ ಕಂಡರೆ ನೋವಿಲ್ಲದ ಸಾವು ಕೊಡುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ. ಅದಕ್ಕೇ ಮನೆಯವರೊಡನೆ ಆ ಮಾತನ್ನು ಮೊದಲೇ, ಕುದುರೆ ಇನ್ನೂ ನಡೆಯುತ್ತಿರುವಾಗಲೇ ಆಡಿಟ್ಟುಕೊಳ್ಳುವ ಡಾಕ್ಟರು ಕುದುರೆಗೂ ಮನೆಯವರಿಗೂ ಉಪಕಾರ ಮಾಡುತ್ತಾರೆ.

ಇದು ಒಂದರಿಂದ ಒಂದಕ್ಕೆ ಅಂಟುವ ಕಾಯಿಲೆಯಲ್ಲ. ಆದರೆ ಒಂದೇ ಬೇಲಿಯೊಳಗೆ ಮೇಯ್ದವೆಲ್ಲ ಒಂದೇ ದೂಳು ಕುಡಿದಿರುತ್ತವೆ. ಹಾಗಾಗಿ ಒಂದಕ್ಕೆ ಬಂತು ಅಂದರೆ ಜೊತೆಯವುಗಳ ಎದೆಯನ್ನೂ ನೋಡಿಸಬೇಕು, ಬರಿ ನೆಲಕ್ಕೆ ನೀರು ಚಿಮುಕಿಸಬೇಕು, ದೂಳೇಳುವ ಅಂಗಳದಲ್ಲಿ ಓಡಿಸುವುದು ಬಿಡಬೇಕು. ಇನ್ನೊಂದು ಮಾತು. ದೂಳು ಸೇರಿದ ಎಷ್ಟೋ ವರ್ಷಗಳ ಮೇಲೆ ಮೂಳೆ ನೋವು ಕಾಣಿಸಿಕೊಳ್ಳುತ್ತದೆ, ಅಷ್ಟರಲ್ಲಿ ಕುದುರೆ ಎರಡು ಮೂರು ಕೈ ಬದಲಾಗಿ ಎಲ್ಲೋ ದೂರದ ಊರಿನಲ್ಲಿರಬಹುದು, ಅಲ್ಲಿಯ ಡಾಕ್ಟರು ಈ ಕಾಯಿಲೆ ನೋಡಿಯೇ ಇರುವುದಿಲ್ಲ. ಆಗ ಸ್ಕ್ಯಾನಿಗೆ ಕಳಿಸುವ ಮೊದಲೇ ಉಪಯೋಗಕ್ಕೆ ಬರುವ ಒಂದು ಪ್ರಶ್ನೆ ಇದೆ, ದುಡ್ಡೂ ಬೇಡ, ಮೆಷಿನ್ನೂ ಬೇಡ: ಹತ್ತು ವರ್ಷದ ಹಿಂದೆ ಈ ಕುದುರೆ ಎಲ್ಲಿ ಮೇಯುತ್ತಿತ್ತು?